ದೇಹ ಹೊತ್ತ ನೆನಪು: ಒಂದು ಮನೋಚಿಕಿತ್ಸಾ ಗ್ರಂಥದ ವಿಮರ್ಶೆ

ಗುರುದೀಕ್ಷೆ ಪಡೆದ ಹೊಸತರಲ್ಲಿ, ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದ ಯುವಕನೊಬ್ಬನನ್ನು ಅವನ ತಾಯಿ ನನ್ನ ಬಳಿಗೆ ಕರೆತಂದಿದ್ದರು. ರಸ್ತೆ ಅಪಘಾತದಲ್ಲಿ ಅಣ್ಣ ತೀರಿಕೊಂಡು, ಜೊತೆಯಲ್ಲಿದ್ದ ಇವನು ಬದುಕುಳಿದಿದ್ದ. ನಡೆದುದನ್ನು ಹೇಳುವಂತೆ ಕೇಳಿದೆ. ಅವನು ನೆಲವನ್ನೇ ನೋಡುತ್ತ ಕುಳಿತ. ದೇವರ ಚಿತ್ತವನ್ನು ಒಪ್ಪಿಕೊಳ್ಳಬೇಕೆಂದೂ ದಿನವೂ ಜಪಸರ ಪ್ರಾರ್ಥಿಸಬೇಕೆಂದೂ ಬುದ್ಧಿ ಹೇಳಿ ಕಳುಹಿಸಿದೆ. ಅವನ ಮೌನವನ್ನು ಒಪ್ಪಿಗೆಯೆಂದು ತಿಳಿದಿದ್ದೆ. ಅವನು ಮತ್ತೆ ಬರಲಿಲ್ಲ.

ಆ ಮೌನವನ್ನು ಬೇರೆಯಾಗಿ ಓದಬಹುದಿತ್ತೆಂದು ನನಗೆ ತೋರಿಸಿದ್ದು ಬೆಸೆಲ್ ವ್ಯಾನ್ ಡರ್ ಕೋಲ್ಕ್ ಅವರ 'ದ ಬಾಡಿ ಕೀಪ್ಸ್ ದ ಸ್ಕೋರ್' ಎಂಬ ಗ್ರಂಥ. 2014ರಲ್ಲಿ ಪ್ರಕಟವಾದ ಈ ಕೃತಿಯ ಲೇಖಕರು ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್ ನಗರದಲ್ಲಿ ದುಡಿದ ಮನೋವೈದ್ಯರು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಚಿಕಿತ್ಸೆಯಿಂದ ತಮ್ಮ ಶೋಧವನ್ನು ಆರಂಭಿಸಿದವರು. ಪಾಲನಾ ಸೇವೆಗೆ ಸಿದ್ಧರಾಗುತ್ತಿರುವವರು ಇದನ್ನು ಓದಬೇಕು. ಆದರೆ ವಿವೇಚನೆಯಿಂದ ಓದಬೇಕು. ಈ ಎರಡು ಮಾತುಗಳಿಗೂ ಕಾರಣ ಕೊಡುವುದು ಈ ಲೇಖನದ ಉದ್ದೇಶ.

ಗ್ರಂಥದ ಮೂಲ ಪ್ರತಿಪಾದನೆ ಸರಳವಾದುದು. ತೀವ್ರ ಆಘಾತವು ಮುಗಿದುಹೋದ ಕಥೆಯಾಗಿ ನೆನಪಿನಲ್ಲಿ ಉಳಿಯುವುದಿಲ್ಲ. ಬಡಿಯುವ ಎದೆಯಾಗಿ, ಬಿಗಿಯುವ ಗಂಟಲಾಗಿ, ನಿದ್ರೆಯಿಲ್ಲದ ರಾತ್ರಿಯಾಗಿ ದೇಹದಲ್ಲಿ ವರ್ತಮಾನವಾಗಿಯೇ ಉಳಿಯುತ್ತದೆ. ಲೇಖಕರೂ ಅವರ ಸಂಗಡಿಗರೂ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಘಾತದ ನೆನಪನ್ನು ಕೆರಳಿಸಿದಾಗ ಭಯದ ಎಚ್ಚರಿಕೆಗೆ ಸಂಬಂಧಿಸಿದ ಅಮಿಗ್ಡಲಾ ಚುರುಕಾಗಿ, ಮಾತಿಗೆ ಸಂಬಂಧಿಸಿದ ಬ್ರೋಕಾ ಪ್ರದೇಶದ ಚಟುವಟಿಕೆ ಕುಗ್ಗಿದ್ದು ಕಂಡುಬಂದಿತು. ಆದ್ದರಿಂದ ಮಾತಿನ ಚಿಕಿತ್ಸೆಯೊಂದೇ ಸಾಲದು ಎಂಬುದು ಅವರ ವಾದ. ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್, ಯೋಗ, ನ್ಯೂರೋಫೀಡ್‌ಬ್ಯಾಕ್, ರಂಗಭೂಮಿ, ಸಾಮೂಹಿಕ ಲಯ ಹೀಗೆ ಹಲವು ದಾರಿಗಳನ್ನು ಅವರು ಮುಂದಿಡುತ್ತಾರೆ.

ಗ್ರಂಥದ ದೊಡ್ಡ ಉಪಕಾರವೆಂದರೆ, ನೊಂದವರನ್ನು ನೈತಿಕ ತೀರ್ಪಿನಿಂದ ಬಿಡಿಸುವುದು. ಮಾತು ಹೊರಡದಿರುವುದು ಹಟವಲ್ಲ; ಪ್ರಾರ್ಥಿಸಲಾಗದಿರುವುದು ಯಾವಾಗಲೂ ವಿಶ್ವಾಸದ ಕೊರತೆಯಲ್ಲ. ಇಷ್ಟನ್ನು ಕಲಿಸಿದ್ದಕ್ಕೇ ನಾವು ಋಣಿಗಳಾಗಿರಬೇಕು. ಆದರೂ ಮೂರು ಆಕ್ಷೇಪಗಳನ್ನು ಹೇಳದಿರಲಾಗದು.

ಮೊದಲನೆಯದು, ಮೆದುಳಿನ ಚಿತ್ರಗಳ ಮೇಲೆ ಹೊರಿಸಿದ ಭಾರ. ಮೇಲೆ ಹೇಳಿದ ಅಧ್ಯಯನದಲ್ಲಿ ಇದ್ದವರು ಕೇವಲ 8 ಮಂದಿ. ಮೆದುಳಿನ ಒಂದು ಭಾಗ ಚುರುಕಾಯಿತೆಂದ ಮಾತ್ರಕ್ಕೆ ಮನಸ್ಸಿನಲ್ಲಿ ಇಂಥದೇ ಅನುಭವ ನಡೆಯಿತೆಂದು ಹೇಳಲಾಗದು. ಅಮಿಗ್ಡಲಾ ಭಯದಲ್ಲಿ ಮಾತ್ರವಲ್ಲ, ಹೊಸತನ್ನು ಕಂಡಾಗಲೂ ಸುಖದಲ್ಲೂ ಸ್ಪಂದಿಸುತ್ತದೆ. ಸರೀಸೃಪದ ಮೆದುಳಿನ ಮೇಲೆ ಸಸ್ತನಿಯ ಮೆದುಳು, ಅದರ ಮೇಲೆ ಮಾನವನ ಮೆದುಳು ಎಂಬ ಪಾಲ್ ಮ್ಯಾಕ್‌ಲೀನ್ ಅವರ ಮೂರು ಅಂತಸ್ತಿನ ಕಲ್ಪನೆಯನ್ನು ಗ್ರಂಥವು ನೆಚ್ಚುತ್ತದೆ. ಮೆದುಳಿನ ವಿಕಾಸವನ್ನು ಅಭ್ಯಸಿಸುವವರು ಅದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಪ್ರಬೋಧನೆಗಳಲ್ಲಿ ಈ ಚಿತ್ರವನ್ನು ಬಳಸುವ ನಮ್ಮವರು ಇದನ್ನು ಗಮನಿಸಬೇಕು.

ಎರಡನೆಯದು, ಅಸಮಾನ ಪುರಾವೆಗಳನ್ನು ಒಂದೇ ದನಿಯಲ್ಲಿ ಹೇಳಿರುವುದು. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯು ಆಘಾತಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆಯನ್ನೂ ಇಎಂಡಿಆರ್ ಅನ್ನೂ ಶಿಫಾರಸು ಮಾಡುತ್ತದೆ. ಇಎಂಡಿಆರ್‌ನಲ್ಲಿ ಗುಣ ನೀಡುವುದು ಕಣ್ಣಿನ ಚಲನೆಯೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ಯೋಗದ ವಿಷಯದಲ್ಲಿ ಲೇಖಕರದೇ ತಂಡ 64 ಮಹಿಳೆಯರ ಮೇಲೆ ನಡೆಸಿದ 10 ವಾರಗಳ ಪ್ರಯೋಗ ಭರವಸೆ ಕೊಡುವಂಥದು, ಆದರೆ ಚಿಕ್ಕದು. ಉಳಿದ ಕೆಲವು ವಿಧಾನಗಳಿಗೆ ಇನ್ನೂ ಕಡಿಮೆ ಆಧಾರವಿದೆ. ಗಟ್ಟಿ ಆಧಾರವಿರುವ ವರ್ತನಾ ಚಿಕಿತ್ಸೆಗಳಿಗೆ ಗ್ರಂಥದಲ್ಲಿ ಸಿಗುವ ಮನ್ನಣೆ ಮಾತ್ರ ಅಲ್ಪ.

ಮೂರನೆಯದು, ಮರೆತುಹೋದ ಆಘಾತವು ಮರಳಿ ನೆನಪಾಗುತ್ತದೆ ಎಂಬ ವಾದ. ಮನೋವಿಜ್ಞಾನಿ ರಿಚರ್ಡ್ ಮ್ಯಾಕ್‌ನ್ಯಾಲಿ 2003ರ ತಮ್ಮ ಗ್ರಂಥದಲ್ಲಿ ಇದನ್ನು ಬಲವಾಗಿ ಪ್ರಶ್ನಿಸಿದ್ದಾರೆ. ನೆನಪು ಸೂಚನೆಗೆ ಬಾಗುತ್ತದೆ. 'ಆಂತರಿಕ ಗುಣಪಡಿಸುವಿಕೆ'ಯ ಪ್ರಾರ್ಥನೆಗಳಲ್ಲಿ ಬಾಲ್ಯದ ಗಾಯವನ್ನು ಹುಡುಕಿ ತೆಗೆಯಲು ಹೊರಡುವವರಿಗೆ ಈ ಎಚ್ಚರ ಬೇಕೇ ಬೇಕು.

ಹಾಗಾದರೆ ಮೆದುಳಿನ ವಿಜ್ಞಾನ ಮನೋಚಿಕಿತ್ಸೆಗೆ ಏನನ್ನು ಕೊಟ್ಟಿದೆ? 1992ರಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಗೀಳು ಕಾಯಿಲೆಯವರನ್ನು ಪರೀಕ್ಷಿಸಿದಾಗ, ಔಷಧದಿಂದ ಗುಣ ಕಂಡವರಲ್ಲೂ ವರ್ತನಾ ಚಿಕಿತ್ಸೆಯಿಂದ ಗುಣ ಕಂಡವರಲ್ಲೂ ಮೆದುಳಿನ ಒಂದೇ ಭಾಗದಲ್ಲಿ ಬದಲಾವಣೆ ಕಂಡಿತು. ಯಶಸ್ವಿಯಾದ ಯಾವ ಮನೋಚಿಕಿತ್ಸೆಯೂ ಮೆದುಳನ್ನು ಬದಲಿಸುತ್ತದೆಂದು ಎರಿಕ್ ಕ್ಯಾಂಡೆಲ್ 1998ರಲ್ಲಿ ವಾದಿಸಿದರು. ಇದರಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮಾತು ಮತ್ತು ಸಂಬಂಧ ಬರಿಯ ಗಾಳಿಯಲ್ಲ. ಅವು ಮಾಂಸವನ್ನು ಮುಟ್ಟುತ್ತವೆ. ಮೆದುಳು ಬದಲಾಯಿತೆಂಬುದು ಒಂದು ಚಿಕಿತ್ಸೆ ಇನ್ನೊಂದಕ್ಕಿಂತ ಮೇಲೆಂಬುದಕ್ಕೆ ಸಾಕ್ಷಿಯೂ ಅಲ್ಲ. ಆ ತೀರ್ಪನ್ನು ರೋಗಿಗಳ ಚೇತರಿಕೆಯನ್ನು ಅಳೆಯುವ ಪ್ರಯೋಗಗಳೇ ಕೊಡಬೇಕು. ವಿಧಾನಗಳು ಬೇರೆಯಾದರೂ ಗುಣಪಡಿಸುವ ಸಮಾನ ಅಂಶಗಳು ಅವುಗಳಲ್ಲಿರಬಹುದೆಂದು ಸಾಲ್ ರೋಸೆನ್‌ಜ್ವೀಗ್ 1936ರಲ್ಲೇ ಸೂಚಿಸಿದ್ದರು. ನೊಂದವನಿಗೂ ಚಿಕಿತ್ಸಕನಿಗೂ ನಡುವಿನ ವಿಶ್ವಾಸದ ಸಂಬಂಧ ಅವುಗಳಲ್ಲಿ ಮುಖ್ಯವಾದುದೆಂದು ಈಗ ಬಹಳ ಮಂದಿ ಒಪ್ಪುತ್ತಾರೆ.

ದೈವಶಾಸ್ತ್ರಕ್ಕೆ ಇದು ಅಪರಿಚಿತವಾದ ಮಾತಲ್ಲ. ಆತ್ಮವು ದೇಹದ ರೂಪತತ್ತ್ವವೆಂದು ಸಂತ ತೋಮಾಸ್ ಅಕ್ವಿನಾಸರು ಬೋಧಿಸಿದರು. ವಿಯೆನ್ ಮಹಾಸಭೆ 1312ರಲ್ಲಿ ಅದನ್ನು ಧರ್ಮಸಭೆಯ ಬೋಧನೆಯಾಗಿ ಘೋಷಿಸಿತು. ಮನುಷ್ಯನು ಮೆದುಳು ಮಾತ್ರವೂ ಅಲ್ಲ, ದೇಹದಲ್ಲಿ ಸೆರೆಯಾದ ಆತ್ಮವೂ ಅಲ್ಲ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಸಾವನ್ನೇ ಬೇಡಿದ ಎಲೀಯನಿಗೆ ದೇವರು ಮೊದಲು ಉಪದೇಶ ಕೊಡಲಿಲ್ಲ; ನಿದ್ರೆ, ರೊಟ್ಟಿ, ನೀರು, ದೂತನ ಸ್ಪರ್ಶ ಕೊಟ್ಟರು. ಪ್ರಶ್ನೆ ಬಂದದ್ದು ಹೋರೇಬಿನಲ್ಲಿ. ಎಲೀಯನು ಒಂದೇ ಉತ್ತರವನ್ನು ಎರಡು ಸಲ ಹೇಳಿದಾಗಲೂ ದೇವರು ಗದರಲಿಲ್ಲ. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಬದುಕಿಗೆ ಮರಳುವಿಕೆ ಎಂದು ಜೂಡಿತ್ ಹರ್ಮನ್ 1992ರಲ್ಲಿ ಗುರುತಿಸಿದ ಕ್ರಮವನ್ನು ಓದಿದಾಗ ನನಗೆ ನೆನಪಾದುದು ಈ ಅಧ್ಯಾಯವೇ.

ಪಾಪನಿವೇದನೆಯ ಪೀಠದಲ್ಲಿ ಕುಳಿತುಕೊಳ್ಳುವವರಿಗೆ ಇದರ ಅರ್ಥ ಗಂಭೀರವಾದುದು. ದೌರ್ಜನ್ಯಕ್ಕೊಳಗಾದವರು ತಮಗಾದ ಅನ್ಯಾಯವನ್ನೇ ತಮ್ಮ ಪಾಪವೆಂದು ಹೇಳಿಕೊಳ್ಳುವುದುಂಟು. ಗಾಯವನ್ನು ಪಾಪದಿಂದ ಬೇರ್ಪಡಿಸಿ ಹೇಳುವುದು ಅಲ್ಲಿ ಗುರುವಿನ ಮೊದಲ ಕರ್ತವ್ಯ. ಅನ್ಯಾಯ ಮಾಡಿದವನು ಧರ್ಮಸಭೆಗೇ ಸೇರಿದವನಾಗಿದ್ದರೆ, ಬೇಗ ಕ್ಷಮಿಸಿಬಿಡೆಂಬ ಒತ್ತಾಯವು ಎರಡನೆಯ ಗಾಯವಾಗುತ್ತದೆ. ಭಯ, ಅಭ್ಯಾಸ, ಮಾನಸಿಕ ಕಾರಣಗಳು ನೈತಿಕ ಹೊಣೆಯನ್ನು ತಗ್ಗಿಸಬಲ್ಲವೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 1735ನೆಯ ಸಂಖ್ಯೆ ಬೋಧಿಸುತ್ತದೆ. ಪಾಲನಾ ಸೇವೆಯಲ್ಲಿ ಮನೋವಿಜ್ಞಾನದ ಫಲಗಳನ್ನು ಬಳಸಿಕೊಳ್ಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ 'ಗೌದಿಯುಂ ಎತ್ ಸ್ಪೆಸ್' 62ನೆಯ ಪರಿಚ್ಛೇದದಲ್ಲಿ ಹೇಳಿದೆ. ಬಳಸುವುದೆಂದರೆ ನಾವೇ ಚಿಕಿತ್ಸಕರಾಗುವುದಲ್ಲ. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ನಾಡಿನಲ್ಲೇ ಇದೆ. 2022ರಿಂದ ಟೆಲಿ ಮಾನಸ್‌ನ 14416 ಎಂಬ ಉಚಿತ ಸಹಾಯವಾಣಿಯೂ ಇದೆ. ನೊಂದವರನ್ನು ಅಲ್ಲಿಗೆ ಕಳುಹಿಸಿದ ಮೇಲೂ ಅವರ ಜೊತೆ ಉಳಿಯುವುದು ನಮ್ಮ ಕೆಲಸ. ಸಂಸ್ಕಾರವು ಚಿಕಿತ್ಸೆಗೆ ಬದಲಿಯಲ್ಲ, ಚಿಕಿತ್ಸೆಯು ವರಪ್ರಸಾದಕ್ಕೆ ಬದಲಿಯಲ್ಲ.

ಪುನರುತ್ಥಾನರಾದ ಪ್ರಭುವಿನ ದೇಹದಲ್ಲಿ ಗಾಯಗಳು ಮಾಯದೆ ಉಳಿದಿದ್ದವು. ತೋಮನು ಅವರನ್ನು ಗುರುತಿಸಿದ್ದು ಅವುಗಳಿಂದಲೇ. ಆ ಯುವಕನು ಈಗ ಬಂದರೆ ನಡೆದುದನ್ನು ಹೇಳೆಂದು ನಾನು ಕೇಳಲಾರೆ. ಒಂದು ಲೋಟ ನೀರು ಕೊಟ್ಟು, ಅವನ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳುವೆನು.