ಹೊಳೆದಂಡೆಯಲ್ಲೇ ಕೈತಪ್ಪಿದ ಯುದ್ಧ

1565ರ ಜನವರಿಯ ರಕ್ಕಸಗಿ-ತಂಗಡಗಿ ಕಾಳಗದ ಮಾತು ಬಂದರೆ ವಿಜಯನಗರದ ಇಬ್ಬರು ಸರದಾರರ ದ್ರೋಹ, ನಿಜಾಮಶಾಹಿ ತೋಪು ಎಂದು ಕಾರಣ ಹೇಳಿ ಮುಗಿಸುತ್ತೇವೆ. ನನ್ನ ಎಣಿಕೆಯಲ್ಲಿ ವಿಜಯನಗರ ಸೋಲತೊಡಗಿದ್ದು ಅದಕ್ಕೂ ಮೊದಲು, ಕೃಷ್ಣೆಯ ದಂಡೆಯಲ್ಲಿ. ಸೋಲಿಸಿದ್ದು ನಡೆಯದೇ ಹೋದ ಒಂದು ದಾಳಿ. ತಾಳಿಕೋಟೆಯಿಂದ ಹೊರಟ ನಾಲ್ವರು ಸುಲ್ತಾನರ ಸೈನ್ಯ ಹೊಳೆಗೆ ಬಂದಾಗ ಎದುರು ದಂಡೆಯಲ್ಲಿ ಮಣ್ಣಿನ ಒಡ್ಡು, ಅದರ ಮೇಲೆ ತೋಪು. ಇತಿಹಾಸಕಾರ ಫೆರಿಸ್ತಾ ಬರೆಯುವಂತೆ, ಸೈನ್ಯ ದಾಟಲು ತಕ್ಕ ಹಾಯ್ಗಡ ಅದೊಂದೇ. ಅದು ಇಂಗಳಗಿಯ ಹತ್ತಿರದ್ದೆಂದು ಇತಿಹಾಸಕಾರ ರಾಬರ್ಟ್ ಸೆವೆಲ್ ಗುರುತಿಸಿದ್ದಾನೆ. ಸುಲ್ತಾನರು ಅಲ್ಲಿ ನುಗ್ಗಲಿಲ್ಲ. ಬೇರೆಡೆ ದಾಟುವವರಂತೆ ಮೂರು ದಿನ ದಂಡೆಗುಂಟ ನಡೆದರು. ಆಚೆಯ ಕಾವಲು ಪಡೆ ಒಡ್ಡು ಬಿಟ್ಟು ಅವರಿಗೆ ಸಮನಾಗಿ ಹೆಜ್ಜೆ ಹಾಕಿತು. ಮೂರನೆಯ ರಾತ್ರಿ ಸುಲ್ತಾನರು ಡೇರೆ ಕಿತ್ತು, ಧಾವಿಸಿ ಮರಳಿ, ಬರಿದಾಗಿದ್ದ ಹಾಯ್ಗಡ ದಾಟಿದರು.

ಕಾವಲು ಪಡೆಯ ಅಂಜಿಕೆಗೆ ಅರ್ಥವಿತ್ತು. ಶತ್ರು ಒಮ್ಮೆ ಕೃಷ್ಣೆ ದಾಟಿದರೆ ಮುದಗಲ್ಲು, ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಸೀಮೆಯಲ್ಲಿ ತುಂಗಭದ್ರೆಯವರೆಗೆ ಅಡ್ಡಗಟ್ಟುವ ದೊಡ್ಡ ಹೊಳೆಯಿಲ್ಲ. ಬೆನ್ನಟ್ಟಿದ್ದು ತಪ್ಪಲ್ಲ, ಹಾಯ್ಗಡವನ್ನು ಬರಿದು ಮಾಡಿದ್ದು ತಪ್ಪು. ವಿಜಯನಗರದ ಸೇನಾನಿ ತಿರುಮಲನೊಬ್ಬನ ಬಳಿಯೇ 20,000 ಕುದುರೆ, 1 ಲಕ್ಷ ಕಾಲಾಳು ಎನ್ನುತ್ತಾನೆ ಫೆರಿಸ್ತಾ. ಲೆಕ್ಕ ಉಬ್ಬಿದ್ದೆಂದು ಅರ್ಧಕ್ಕಿಳಿಸಿದರೂ ಒಡ್ಡು ಕಾಯಲು ಜನರಿಗೆ ಕೊರತೆಯಿರಲಿಲ್ಲ. ಇಂಥದೇ ತಂತ್ರದಿಂದ 1944ರಲ್ಲಿ ಮಿತ್ರಪಡೆಗಳು ರಬ್ಬರಿನ ಟ್ಯಾಂಕು, ಸೇನಾನಿ ಪ್ಯಾಟನ್‌ನ ಹೆಸರಿನ ಸುಳ್ಳು ಸೇನೆ ತೋರಿಸಿ ಕ್ಯಾಲೆಗೆ ದಾಳಿ ಬರುತ್ತದೆಂದು ನಂಬಿಸಿ ನಾರ್ಮಂಡಿಯಲ್ಲಿ ಇಳಿದವು. ಮೋಸಹೋದ ಜರ್ಮನರು ಇದ್ದಲ್ಲೇ ಉಳಿದರು, ವಿಜಯನಗರದವರು ಇದ್ದ ಜಾಗ ಬಿಟ್ಟರು. ಎರಡೂ ಕಡೆ ಕಾವಲುಗಾರನ ಕಣ್ಣನ್ನು ಕಟ್ಟಿಹಾಕಿದ್ದು ಬಾರದ ದಾಳಿ.

ಫೆರಿಸ್ತಾ ಸುಮಾರು 40 ವರ್ಷಗಳ ನಂತರ ಬಿಜಾಪುರದ ಆಸ್ಥಾನದಲ್ಲಿ ಕುಳಿತು ಬರೆದವನು, ನಂಬುವುದು ಹೇಗೆ ಎಂದು ಕೇಳಬಹುದು. ಗೆದ್ದವರನ್ನು ಹೊಗಳುವುದಷ್ಟೇ ಅವನ ಉದ್ದೇಶವಾಗಿದ್ದರೆ, ರಣರಂಗದಲ್ಲಿ ಸುಲ್ತಾನರ ಎಡಬಲದ ಪಡೆಗಳು ಮೊದಲು ಹಿಮ್ಮೆಟ್ಟಿದ್ದನ್ನು ಮುಚ್ಚಿಡುತ್ತಿದ್ದ. ಚಳಿಗಾಲದಲ್ಲಿ ನೀರು ಇಳಿದಿರುತ್ತದೆ, ಎಲ್ಲಿ ಬೇಕಾದರೂ ದಾಟಬಹುದಿತ್ತಲ್ಲ ಎಂಬುದು ಇನ್ನೊಂದು ಆಕ್ಷೇಪ. ಆಳು ದಾಟಿಯಾನು, ಭಾರದ ತೋಪಿನ ಗಾಡಿಗೆ ಗಟ್ಟಿ ತಳ, ಇಳಿಜಾರಿನ ದಂಡೆ ಎರಡೂ ಬೇಕು. ಇನ್ನು, ಕಾಳಗವನ್ನು ಗೆಲ್ಲಿಸಿದ್ದು ತೋಪುಗಳೇ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ನಿಜಾಮಶಾಹಿಯ ರೂಮಿಖಾನ ಮೂರು ಸಾಲಾಗಿ ಹೂಡಿದ ಆ ತೋಪುಗಳು ದಕ್ಷಿಣ ದಂಡೆಗೆ ಬಂದದ್ದೇ ಬಿಟ್ಟುಕೊಟ್ಟ ಹಾಯ್ಗಡದಿಂದ. ದ್ರೋಹವೊಂದನ್ನೇ ದೂರುತ್ತ ಕೂತರೆ ಸೇನಾನಿಗಳ ಈ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಈ ಯುದ್ಧದ ಪಾಠವನ್ನು ನಮ್ಮ ಶಾಲೆಗಳಲ್ಲಿ ಹೊಳೆಯಿಂದಲೇ ಆರಂಭಿಸಬೇಕು.