ರಾಡಿಯಲ್ಲಿ ಫೋರ್ ಬೈ ಫೋರ್

ನವಲಗುಂದ, ಅಣ್ಣಿಗೇರಿ ಕಡೆ ಹಳೆಯ ಜೀಪು ಕೊಳ್ಳುವವರನ್ನು ಕೇಳಿದರೆ ಹೇಳುವ ಕಾರಣ ಒಂದೇ: ಮಳೆಗಾಲದಲ್ಲಿ ಹೊಲಕ್ಕೆ ಹೋಗಬೇಕು. ಈ ಕಾರಣವೇ ನನಗೆ ಒಪ್ಪಿಗೆಯಿಲ್ಲ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಟೈರಿನ ಕಚ್ಚುಗಳಲ್ಲಿ ತುಂಬಿ ಅದನ್ನು ನುಣ್ಣಗಾಗಿಸುತ್ತದೆ, ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದುಬಿಡುತ್ತದೆ. ಆಗ ಎಂಜಿನ್ನಿನ ಬಲ ಎರಡು ಗಾಲಿಗೆ ಹೋದರೂ ಅಷ್ಟೆ, ನಾಲ್ಕಕ್ಕೆ ಹೋದರೂ ಅಷ್ಟೆ. ಹೆಸರುಕಾಯಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಚಕ್ಕಡಿ ದಾರಿಯಲ್ಲಿ ಟ್ರ್ಯಾಕ್ಟರೇ ಗತಿ; ಹುಗಿದ ಜೀಪನ್ನು ಎಳೆಯಲು ಬರುವುದೂ ಅದೇ. ಬೆಣ್ಣೆಹಳ್ಳ ತುಂಬಿ ಬಂದಾಗಂತೂ ಯಾವ ಗಾಡಿಯ ಮಾತೂ ಬೇಡ. ಜಾತ್ರೆಯಲ್ಲಿ, ಚುನಾವಣೆಯಲ್ಲಿ ಜೀಪು ಎದ್ದು ಕಾಣುತ್ತದೆ ಎಂಬುದು ನಿಜ. ಆ ಆಸೆಗೆ ನನ್ನ ತಕರಾರಿಲ್ಲ, ಅದಕ್ಕೆ ಹೊಲದ ನೆಪ ಏಕೆ?

ಕಲಘಟಗಿಯ ಲೆಕ್ಕ ಬೇರೆ. ಮಲೆನಾಡಿನ ಸೆರಗು, ಕೆಂಪು ಮಣ್ಣು, ಕಲ್ಲು, ಏರಿಳಿತ. ಅಲ್ಲಿ ಗಾಲಿಗೆ ಕಚ್ಚಲು ನೆಲ ಸಿಗುತ್ತದೆ. ಹಿಂದಿನದು ಜಾರಿದರೆ ಮುಂದಿನದು ಎಳೆಯುತ್ತದೆ. ಲೋ ಗೇರಿಗೆ ಹಾಕಿ, ಬ್ರೇಕಿಗೆ ಕಾಲಿಡದೆ ಇಳಿಜಾರು ಇಳಿಯುವಾಗ ಮಹೀಂದ್ರಾದ ಹಳೆಯ ಎಂಎಂ 540ರ ಬೆಲೆ ತಿಳಿಯುತ್ತದೆ. 1985ರಲ್ಲಿ ಬಂದ ಜಿಪ್ಸಿ ಅದಕ್ಕಿಂತ ಹಗುರ, ಆದರೆ ಪೆಟ್ರೋಲಿನದು.

ಜೀಪಿನ ಮೂತಿ ಇದ್ದದ್ದೆಲ್ಲ ಫೋರ್ ಬೈ ಫೋರ್ ಅಲ್ಲ. ಹಳ್ಳಿಗಳಲ್ಲಿ ಜನ ತುಂಬಿಕೊಂಡು ಓಡಾಡಿದ ಕಮಾಂಡರ್, ಮಾರ್ಷಲ್‌ಗಳಲ್ಲಿ ಬಹುಪಾಲು ಹಿಂದಿನ ಎರಡು ಗಾಲಿಯಿಂದಲೇ ನಡೆಯುವಂಥವು. ಬಗ್ಗಿ ನೋಡಿ: ಮುಂದಿನ ಆಕ್ಸಲ್ಲಿಗೂ ಹಿಂದಿನಂತೆ ಗುಂಡಗಿನ ಹೌಸಿಂಗ್ ಇರಬೇಕು, ಅದಕ್ಕೆ ಶಾಫ್ಟ್ ಸೇರಿರಬೇಕು. ಡೀಸೆಲ್ ಉಳಿಸಲೆಂದು ಆ ಶಾಫ್ಟನ್ನೇ ಬಿಚ್ಚಿಟ್ಟ ಗಾಡಿಗಳುಂಟು; ಲಿವರ್ ಮಾತ್ರ ಶೋಕಿಗೆ ಉಳಿದಿರುತ್ತದೆ. ಅದನ್ನು ಹಾಕಿ ನೋಡುವುದು ಸಡಿಲ ಮಣ್ಣಿನಲ್ಲಿ, ಡಾಂಬರಿನ ಮೇಲಲ್ಲ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ಓಡಬೇಕು; ಆ ವ್ಯತ್ಯಾಸಕ್ಕೆ ಈ ಗಾಡಿಗಳಲ್ಲಿ ಆಸ್ಪದವಿಲ್ಲ, ಗಟ್ಟಿ ರಸ್ತೆಯಲ್ಲಿ ಎಲ್ಲ ಬಿಗಿದುಕೊಳ್ಳುತ್ತದೆ.

ಕಾಗದಪತ್ರಕ್ಕೆ ಬಂದರೆ, 15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಎರಡು ಗಾಲಿಯ ಜೀಪಿಗೆ ಗುಜರಿಯ ಆಕ್ಸಲ್ ಕೂಡಿಸಿ ಮಾರುವವರ ಹತ್ತಿರ ಹುಷಾರು: ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಅಡ್ಡ ಬರುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ರೂಪವನ್ನು ತಿದ್ದಬಾರದೆಂದು ಹೇಳಿತು. ಅಗಲ ಟೈರು, ಹೊಸ ಬಣ್ಣ ತೋರಿಸಿ ದರ ಏರಿಸುವವನಿಗೆ, ಮೊದಲು ಚಾಸಿಯ ಮೇಲಿನ ಮಣ್ಣು ಒರೆಸಿ ನಂಬರು ತೋರಿಸಲು ಹೇಳಿ.