ಭಿತ್ತಿಪತ್ರವೂ ಚಿತ್ರವಿಮರ್ಶೆಯೂ

ಭಯಾನಕ ಚಿತ್ರವೊಂದರ ಉತ್ತರಭಾಗವನ್ನು ಅದರ ಭಿತ್ತಿಪತ್ರ, ಮುನ್ನೋಟಗಳಿಂದಲೇ ಅಳೆಯುವ ರೂಢಿ ವಿಮರ್ಶೆಗೆ ಸಲ್ಲದೆಂಬುದು ನಮ್ಮ ಮತ. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಮುಂದುವರಿಕೆಯಾಗಿ ಜೇಮ್ಸ್ ವೇಲ್ 1935ರಲ್ಲಿ ನಿರ್ದೇಶಿಸಿದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಇದಕ್ಕೆ ನಿದರ್ಶನ. ಹೆಸರೂ ಜಾಹೀರಾತೂ ವಧುವಿನ ಕುತೂಹಲವನ್ನೇ ಮುಂದಿಟ್ಟವು; ಎಲ್ಸಾ ಲ್ಯಾಂಚೆಸ್ಟರ್ ಅಭಿನಯಿಸಿದ ಆ ವಧುವಾದರೋ ಕೊನೆಯ ಕೆಲವು ನಿಮಿಷಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾಳೆ. ಚಿತ್ರದ ಜೀವಾಳವಿರುವುದು ಅನ್ಯತ್ರ: ಕುರುಡ ಏಕಾಂತವಾಸಿಯ ಗುಡಿಸಲಿನಲ್ಲಿ ಬೋರಿಸ್ ಕಾರ್ಲಾಫ್ ಅಭಿನಯಿಸಿದ ವಿಕೃತಜೀವಿ ಕಣ್ಣೀರಿಟ್ಟು, ಮಾತು ಕಲಿತು, ಸ್ನೇಹವನ್ನರಿಯುವ ಭಾಗದಲ್ಲಿ. ಭೀತಿಯನ್ನು ಮಾರಹೊರಟ ಪ್ರಚಾರಕ್ಕೆ ಈ ಕರುಣೆ ಸರಕಾಗದು.

ಹಾಗೆಂದು ಭಿತ್ತಿಪತ್ರ ನಿರುಪಯುಕ್ತವಲ್ಲ. ಇತಿಹಾಸಕಾರನಿಗೆ ಅದು ಪ್ರಬಲ ಆಧಾರ. ಆದರೆ ಅದು ಸಾಕ್ಷಿ ನುಡಿಯುವುದು ನಿರ್ಮಾಪಕರು ಪ್ರೇಕ್ಷಕನನ್ನು ಹೇಗೆ ಊಹಿಸಿಕೊಂಡಿದ್ದರೆಂಬುದಕ್ಕೆ, ಕೃತಿಯ ಗುಣಕ್ಕಲ್ಲ. ಶಾಸನದ ಪ್ರಶಸ್ತಿಭಾಗವನ್ನೇ ಚರಿತ್ರೆಯೆಂದು ನಂಬದ ನಾವು ಜಾಹೀರಾತನ್ನೇ ಕೃತಿಯೆಂದು ನಂಬುವುದು ಯುಕ್ತವಲ್ಲ.